ತೇಯ್ದ ಹಲ್ಲು ಮತ್ತೆ ಬೆಳೆಯದು: ಮಂಡ್ಯ ಸೀಮೆಯ ಕರೆಹಲ್ಲು ಮತ್ತು ಮಿತ ಚಿಕಿತ್ಸೆಯ ವಿವೇಕ

ಮನುಷ್ಯನ ಶರೀರದಲ್ಲಿ ಅತ್ಯಂತ ಗಟ್ಟಿಯಾದ ವಸ್ತುವೆಂದರೆ ಹಲ್ಲಿನ ಹೊರಮೈಯನ್ನು ಮುಚ್ಚಿರುವ ದಂತಕವಚ, ಅಂದರೆ ಎನಾಮಲ್. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಖನಿಜವೇ ಆಗಿದ್ದು, ಮುರಿದ ಮೂಳೆ ಕೂಡಿಕೊಳ್ಳುವಂತೆಯೋ ಗಾಯಗೊಂಡ ಚರ್ಮ ಮಾಯುವಂತೆಯೋ ಅದು ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು. ಏಕೆಂದರೆ ಕವಚವನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವ ಹೊತ್ತಿಗೆ ಅಳಿದುಹೋಗಿರುತ್ತವೆ. ಹಲ್ಲಿನ ಅಂದವನ್ನು ಹೆಚ್ಚಿಸುವ ಯಾವುದೇ ಚಿಕಿತ್ಸೆಯ ಯುಕ್ತಾಯುಕ್ತತೆಯನ್ನು ಅಳೆಯುವಾಗ ಮೊದಲು ನೆನಪಿಡಬೇಕಾದ ಸಂಗತಿ ಇದೇ. ಯಂತ್ರದಿಂದ ಒಮ್ಮೆ ತೇಯ್ದು ತೆಗೆದ ಕವಚವನ್ನು ಯಾವ ವೈದ್ಯನೂ ಮರಳಿ ಬೆಳೆಸಿಕೊಡಲಾರ. ಅವನು ಕೊಡಬಹುದಾದದ್ದು ಅದರ ಜಾಗದಲ್ಲಿ ಕೂರುವ, ಆಯಸ್ಸು ಗೊತ್ತಾದ ಒಂದು ಬದಲಿ ವಸ್ತುವನ್ನು ಮಾತ್ರ.

ಈ ಮಾತು ಮಂಡ್ಯ, ಮದ್ದೂರು, ಮಳವಳ್ಳಿಗಳ ಮಟ್ಟಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇದಕ್ಕೆ ಕಾರಣಗಳು ಎರಡು. ಸೌಂದರ್ಯ ದಂತಚಿಕಿತ್ಸೆ ಮಹಾನಗರಗಳ ಸಿರಿವಂತರಿಗಷ್ಟೇ ಮೀಸಲಾಗಿದ್ದ ಕಾಲ ಮುಗಿದು, ಮದುವೆಯ ಮಾತುಕತೆ, ನೌಕರಿಯ ಸಂದರ್ಶನ, ಮೊಬೈಲಿನ ಚಿತ್ರಗಳ ಒತ್ತಡದಿಂದಾಗಿ ತಾಲ್ಲೂಕು ಕೇಂದ್ರಗಳ ಚಿಕಿತ್ಸಾಲಯಗಳಿಗೂ ಅದು ಬಂದಿರುವುದು ಒಂದು. ಈ ಜಿಲ್ಲೆಯ ಕೆಲವು ಭಾಗಗಳ ಜನರ ಹಲ್ಲಿನ ಮೇಲೆ ಕಾಣುವ ಸುಣ್ಣದಂಥ ಬಿಳಿ ಮಚ್ಚೆ ಮತ್ತು ಕಂದು ಕರೆ ಉಜ್ಜದಿರುವ ಸೋಮಾರಿತನದ ಫಲವಾಗಿರದೆ, ಎಳವೆಯಲ್ಲಿ ಕುಡಿದ ನೀರಿನ ಫಲವಾಗಿರುವುದು ಇನ್ನೊಂದು. ಕೇಂದ್ರ ಅಂತರ್ಜಲ ಮಂಡಳಿಯು ಗುರುತಿಸಿರುವ, ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಮಿತಿಮೀರಿರುವ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಮಂಡ್ಯವೂ ಸೇರಿದೆ.

ಕಲ್ಲಿನಿಂದ ನೀರಿಗೆ, ನೀರಿನಿಂದ ಹಲ್ಲಿಗೆ

ಹಳೆಯ ಮೈಸೂರು ಸೀಮೆಯ ನೆಲದಡಿಯಲ್ಲಿ ಹಾಸಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡನ್ನು ಒಳಗೊಂಡ ಖನಿಜಗಳಿದ್ದು, ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಮಳೆನೀರು, ಕೆರೆನೀರು, ನದಿನೀರುಗಳಲ್ಲಿ ಸಾಮಾನ್ಯವಾಗಿ ಅದರ ಪ್ರಮಾಣ ಕಡಿಮೆ. ಕೊಳವೆಬಾವಿಯ ನೀರಿನಲ್ಲಿ ಅದು ಏರುವ ಸಂಭವ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಭಾರತೀಯ ಮಾನಕವು ಒಪ್ಪಿತ ಮಿತಿಯೆಂದೂ, ಬೇರೆ ಜಲಮೂಲವೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಕೃಷ್ಣರಾಜಸಾಗರದಿಂದ ಹರಿಯುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ಕಾವೇರಿಯನ್ನು ತಂದಿದ್ದರೂ ಗದ್ದೆಗೆ ಬಂದ ನೀರೆಲ್ಲ ಕುಡಿಯುವ ಬಿಂದಿಗೆಗೆ ಬಂದಿತೆಂದು ಅರ್ಥವಲ್ಲ. ಬೆಂಗಳೂರು ಮಹಾನಗರಕ್ಕೆ 1974ರಿಂದ ಕಾವೇರಿ ನೀರನ್ನು ಕಳುಹಿಸುತ್ತಿರುವ ತೊರೆಕಾಡನಹಳ್ಳಿ ಇರುವುದು ಮಳವಳ್ಳಿ ತಾಲ್ಲೂಕಿನಲ್ಲೇ. ಆದರೆ ನಾಡಿನ ಎಷ್ಟೋ ಹಳ್ಳಿಗಳಂತೆ ಈ ಸೀಮೆಯ ಹಳ್ಳಿಗಳೂ ಕುಡಿಯುವುದಕ್ಕೆ ಬಹುಕಾಲ ಕೊಳವೆಬಾವಿಯನ್ನೇ ನೆಚ್ಚಿಕೊಂಡು ಬಂದಿವೆ.

ಮಿತಿಮೀರಿದ ಫ್ಲೋರೈಡ್ ಹಲ್ಲನ್ನು ಕೆಡಿಸುವುದು ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ. ಕವಚವು ಪಕ್ವವಾಗುವ ಹಂತದಲ್ಲಿ ಅದರೊಳಗಿನ ಪ್ರೋಟೀನ್ ಹೊರಹೋಗಿ ಆ ಜಾಗವನ್ನು ಖನಿಜ ತುಂಬಬೇಕು. ಫ್ಲೋರೈಡ್ ಹೆಚ್ಚಾದಾಗ ಈ ಕ್ರಿಯೆ ಕುಂಟುತ್ತದೆ, ಹೊರಪದರದ ಕೆಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ ಮತ್ತು ಹಲ್ಲು ಸೀಮೆಸುಣ್ಣದ ಬಣ್ಣದ ಮಚ್ಚೆಗಳೊಂದಿಗೆ ಮೂಡುತ್ತದೆ. ಕಂದು ಬಣ್ಣ ಸೇರುವುದು ಆಮೇಲೆ. ಬಾಯಿಗೆ ಬಂದ ಹಲ್ಲಿನ ರಂಧ್ರಗಳು ಕಾಫಿ, ಟೀ ಮೊದಲಾದವುಗಳ ಬಣ್ಣವನ್ನು ಹೀರಿಕೊಂಡು ಕಾಲಕ್ರಮದಲ್ಲಿ ಕಪ್ಪಿಡುತ್ತವೆ. ಎದುರಿನ ಶಾಶ್ವತ ಹಲ್ಲುಗಳಿಗೆ ಅಪಾಯದ ಅವಧಿ ಮುಖ್ಯವಾಗಿ ಹುಟ್ಟಿದ ಮೊದಲ ಮೂರು ನಾಲ್ಕು ವರ್ಷಗಳು. ಎಂಟು ವರ್ಷ ದಾಟಿದ ಮೇಲೆ ಕುಡಿದ ನೀರು ಎದುರು ಹಲ್ಲಿನಲ್ಲಿ ಹೊಸದಾಗಿ ಈ ಮಚ್ಚೆಯನ್ನು ಮೂಡಿಸುವುದಿಲ್ಲ.

ಈ ರಹಸ್ಯ ಬಯಲಾದದ್ದು ಅಮೆರಿಕದಲ್ಲಿ. ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದು ನೆಲೆಸಿದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳು ಕಂದಾಗಿರುವುದನ್ನು ಗಮನಿಸಿ ದಶಕಗಳ ಕಾಲ ಅದರ ಬೆನ್ನು ಹತ್ತಿದ; ಕಾರಣ ಫ್ಲೋರೈಡ್ ಎಂಬುದನ್ನು 1931ರಲ್ಲಿ ರಸಾಯನಶಾಸ್ತ್ರಜ್ಞ ಚರ್ಚಿಲ್ ನೀರಿನ ವಿಶ್ಲೇಷಣೆಯಿಂದ ತೋರಿಸಿಕೊಟ್ಟ. ಮಿತಿಮೀರಿದ ಫ್ಲೋರೈಡಿನಿಂದ ಬರುವ, ಫ್ಲೋರೋಸಿಸ್ ಎಂದು ಕರೆಯುವ ಈ ಬಾಧೆ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಮೆಕೇ ಕಂಡ ಇನ್ನೊಂದು ಅಂಶ ಈ ಲೇಖನದ ವಾದಕ್ಕೆ ಬಹುಮುಖ್ಯವಾದದ್ದು: ಕಂದು ಮಚ್ಚೆಯ ಆ ಹಲ್ಲುಗಳು ಹುಳುಕಿಗೆ ಸುಲಭವಾಗಿ ತುತ್ತಾಗುತ್ತಿರಲಿಲ್ಲ. ಅಂದರೆ ಸೌಮ್ಯ ಸ್ವರೂಪದ ಫ್ಲೋರೋಸಿಸ್ ಇರುವ ಹಲ್ಲು ನೋಟಕ್ಕೆ ಕುಂದಿದ್ದರೂ ಬಾಳಿಕೆಗೆ ಕುಂದಿದ್ದಲ್ಲ. ಅಂಥ ಆರೋಗ್ಯವಂತ ಹಲ್ಲನ್ನು ಬಣ್ಣದ ಕಾರಣಕ್ಕಾಗಿ ತೇಯ್ದು ಮೊಂಡಾಗಿಸುವುದು ಹೊರಗೋಡೆಯ ಸುಣ್ಣ ಮಾಸಿತೆಂದು ಗೋಡೆಯನ್ನೇ ಕೆಡವಿದಂತೆ.

ಮಿತ ಚಿಕಿತ್ಸೆಯ ಮೆಟ್ಟಿಲುಗಳು

ರೋಗದ ಆಳಕ್ಕೆ ತಕ್ಕಷ್ಟೇ ಚಿಕಿತ್ಸೆಯ ಆಳವಿರಬೇಕು, ಸಹಜ ಹಲ್ಲಿನ ಅಂಶವನ್ನು ಆದಷ್ಟೂ ಉಳಿಸಬೇಕು ಎಂಬ ನಿಲುವಿಗೆ ದಂತವೈದ್ಯಶಾಸ್ತ್ರದಲ್ಲಿ ಕನಿಷ್ಠ ಹಸ್ತಕ್ಷೇಪದ ವಿಧಾನವೆಂದು ಹೆಸರು. ಹಲ್ಲುಹುಳುಕಿನ ಚಿಕಿತ್ಸೆಗೆ ಸಂಬಂಧಿಸಿದಂತೆ ವಿಶ್ವ ದಂತವೈದ್ಯ ಒಕ್ಕೂಟವು 2002ರಲ್ಲಿ ಇದನ್ನು ತನ್ನ ಅಧಿಕೃತ ನೀತಿಯಾಗಿ ಅಂಗೀಕರಿಸಿತು. ಹಲ್ಲಿನ ಅಂದದ ವಿಷಯಕ್ಕೆ ಅದೇ ನಿಲುವನ್ನು ಅನ್ವಯಿಸಿದಾಗ ಚಿಕಿತ್ಸೆಗಳು ಮೆಟ್ಟಿಲುಗಳಂತೆ ಜೋಡಿಸಿಕೊಳ್ಳುತ್ತವೆ. ಕೆಳಗಿನದು ಸಾಲದೆಂದು ಖಚಿತವಾದ ಮೇಲೆ ಮಾತ್ರ ಮೇಲಿನದನ್ನು ಹತ್ತಬೇಕೆಂಬುದು ಇಲ್ಲಿನ ನಿಯಮ.

ಮೊದಲ ಮೆಟ್ಟಿಲು, ಬಣ್ಣ ಹಲ್ಲಿನ ಮೇಲಿದೆಯೋ ಒಳಗಿದೆಯೋ ಎಂಬುದನ್ನು ಗುರುತಿಸುವುದು. ಎಲೆಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿಗಳಿಂದ ಕಟ್ಟಿದ ಕರೆಯೂ, ವಸಡಿನ ಅಂಚಿನಲ್ಲಿ ಗಟ್ಟಿಯಾದ ಗಾರೆಯೂ ಹೊರಮೈಗೆ ಅಂಟಿದವು. ಸ್ಕೇಲಿಂಗ್, ಅಂದರೆ ಸಾಮಾನ್ಯರ ಮಾತಿನಲ್ಲಿ ಹಲ್ಲು ಕ್ಲೀನ್ ಮಾಡಿಸುವುದರಿಂದಲೇ ಅವು ಹೋಗುತ್ತವೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ವಾಸ್ತವದಲ್ಲಿ ಹಲ್ಲನ್ನು ಸಡಿಲಗೊಳಿಸಿರುವುದು ಗಾರೆಯಡಿಯಲ್ಲಿ ಬೆಳೆದ ವಸಡಿನ ರೋಗ. ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿದ್ದ ಗಾರೆ ಕಳಚಿದಾಗ ಅಡಗಿದ್ದ ಸಡಿಲತೆ ಗೊತ್ತಾಗುತ್ತದೆ ಅಷ್ಟೇ. ಇದ್ದಿಲು, ಇಟ್ಟಿಗೆಪುಡಿ, ಬೂದಿಗಳಿಂದ ತಿಕ್ಕಿ ಹಲ್ಲು ಬೆಳ್ಳಗಾಗಿಸುವ ಪದ್ಧತಿಯಲ್ಲಿ ಕರೆಯ ಜೊತೆಗೆ ಕವಚವೂ ಸವೆಯುತ್ತದೆ, ಅದರ ಕೆಳಗಿನ ಹಳದಿ ಬಣ್ಣದ ಡೆಂಟಿನ್ ಪದರ ಹೊರಗೆ ಕಾಣತೊಡಗಿ ಹಲ್ಲು ಕೊನೆಗೆ ಇನ್ನಷ್ಟು ಹಳದಿಯಾಗುತ್ತದೆ.

ಎರಡನೆಯದು ಬ್ಲೀಚಿಂಗ್. ಹೇವುಡ್ ಮತ್ತು ಹೇಮನ್ ಎಂಬ ಅಮೆರಿಕದ ವೈದ್ಯರು 1989ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹಲ್ಲಿನ ಅಚ್ಚಿಗೆ ಹೊಂದುವ ತೆಳುವಾದ ತಟ್ಟೆಯೊಳಗೆ ನೂರಕ್ಕೆ 10ರಷ್ಟು ಕಾರ್ಬಮೈಡ್ ಪೆರಾಕ್ಸೈಡ್ ಇರುವ ಲೇಪವನ್ನು ಹಾಕಿ, ರಾತ್ರಿ ಮಲಗುವಾಗ ಧರಿಸಲಾಗುತ್ತದೆ; ಅದರಿಂದ ಬಿಡುಗಡೆಯಾಗುವ ಆಮ್ಲಜನಕ ಬಣ್ಣದ ಅಣುಗಳನ್ನು ಒಡೆಯುತ್ತದೆಯೇ ಹೊರತು ಹಲ್ಲನ್ನು ಕೊರೆಯುವುದಿಲ್ಲ. ಕೆಲವು ದಿನ ತಣ್ಣನೆಯದು ತಾಕಿದರೆ ಹಲ್ಲು ಜುಂ ಎನ್ನಬಹುದು, ಬಿಳಿ ಮಚ್ಚೆಗಳು ಆರಂಭದಲ್ಲಿ ಇನ್ನಷ್ಟು ಎದ್ದು ಕಾಣಬಹುದು, ಫಲಕ್ಕಾಗಿ ವಾರಗಟ್ಟಲೆ ಕಾಯಬೇಕಾಗಬಹುದು. ಆದರೂ ಕಳೆದುಕೊಳ್ಳುವುದು ಅತ್ಯಲ್ಪ.

ಮೂರನೆಯದು ಸೂಕ್ಷ್ಮ ಘರ್ಷಣೆ. ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನುಣುಪಾದ ಉಜ್ಜುಪುಡಿ ಬೆರೆತ ಲೇಪದಿಂದ ಕವಚದ ಅತಿ ಮೇಲಿನ ಪದರವನ್ನು ಮಾತ್ರ ತಿಕ್ಕಿ ತೆಗೆಯುವ ಈ ಕ್ರಮಕ್ಕೆ 1986ರಲ್ಲಿ ಕ್ರೋಲ್ ಮತ್ತು ಕ್ಯಾವನಾ ಎಂಬವರು ವ್ಯವಸ್ಥಿತ ರೂಪ ಕೊಟ್ಟರು. ಫ್ಲೋರೋಸಿಸ್ಸಿನ ಕಂದು ಕರೆ ಬಹುಮಟ್ಟಿಗೆ ಮೇಲ್ಪದರದಲ್ಲೇ ನಿಂತಿರುವುದರಿಂದ ಈ ಸೀಮೆಯ ಕರೆಹಲ್ಲಿಗೆ ಇದು ಹೇಳಿಮಾಡಿಸಿದಂಥ ಚಿಕಿತ್ಸೆ. ಇಲ್ಲಿ ಹೋಗುವುದು ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು. ಎದುರು ಹಲ್ಲಿನ ಕವಚದ ದಪ್ಪ ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ಇದೇ ಹೆಸರು ಹೇಳಿಕೊಂಡು ಜಾತ್ರೆ ಸಂತೆಗಳಲ್ಲಿ ತರಬೇತಿಯಿಲ್ಲದವರು ಹಚ್ಚುವ ಆಮ್ಲಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ನಾಲ್ಕನೆಯದು ರಾಳ ತುಂಬುವ ವಿಧಾನ. ಜರ್ಮನಿಯ ಸಂಶೋಧಕರು ರೂಪಿಸಿದ ಇದು ಚಿಕಿತ್ಸಾಲಯಗಳಿಗೆ ಬಂದು ಹದಿನೈದು ವರ್ಷ ದಾಟಿದೆ. ಇದರ ತತ್ತ್ವ ಬೆಳಕಿಗೆ ಸಂಬಂಧಿಸಿದ್ದು. ಆರೋಗ್ಯವಂತ ಕವಚದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಸುಮಾರು 1.62, ಮಚ್ಚೆಯ ರಂಧ್ರಗಳಲ್ಲಿರುವ ನೀರಿನದು 1.33, ಗಾಳಿಯದು 1. ಈ ಅಂತರದಿಂದಾಗಿ ಬೆಳಕು ಚದುರಿ ಆ ಭಾಗ ಬೆಳ್ಳಗೆ ಕಾಣುತ್ತದೆ. ರಂಧ್ರಗಳಿಗೆ ಸುಮಾರು 1.5 ಸೂಚ್ಯಂಕದ ತೆಳುವಾದ ರಾಳವನ್ನು ಇಳಿಸಿದಾಗ ಅಂತರ ತಗ್ಗಿ, ಒದ್ದೆ ಬಟ್ಟೆ ಪಾರದರ್ಶಕವಾಗುವಂತೆ ಮಚ್ಚೆ ಸುತ್ತಲಿನ ಬಣ್ಣದೊಂದಿಗೆ ಬೆರೆತುಹೋಗುತ್ತದೆ.

ಐದನೆಯದು ಹಲ್ಲಿನ ಬಣ್ಣದ ಕಾಂಪೋಸಿಟ್ ರಾಳವನ್ನು ನೇರವಾಗಿ ಹಲ್ಲಿಗೆ ಅಂಟಿಸಿ ಆಕಾರ ಕೊಡುವುದು. ಆಮ್ಲದ ಲಘು ಸ್ಪರ್ಶದಿಂದ ಕವಚವನ್ನು ಒರಟಾಗಿಸಿದರೆ ರಾಳ ಬಿಗಿಯಾಗಿ ಕಚ್ಚಿಕೊಳ್ಳುತ್ತದೆಂದು 1955ರಲ್ಲಿ ಮೈಕೇಲ್ ಬುವೊನೊಕೋರ್ ಕಂಡುಕೊಂಡ ಸಂಗತಿಯೇ ಈ ಇಡೀ ಶಾಖೆಯ ಬುನಾದಿ. ಚೂರು ಮುರಿದ ಅಂಚು, ಎರಡು ಹಲ್ಲಿನ ನಡುವಿನ ಸಂದು, ಬ್ಲೀಚಿಂಗಿಗೆ ಬಗ್ಗದ ಮಚ್ಚೆ ಇವಕ್ಕೆಲ್ಲ ಇದು ಸಾಕಾಗುತ್ತದೆ. ಹಲ್ಲನ್ನು ತೇಯುವ ಅಗತ್ಯ ಅನೇಕ ವೇಳೆ ಇರುವುದೇ ಇಲ್ಲ, ಬೇಡವೆನಿಸಿದರೆ ತೆಗೆಸಿಹಾಕಲೂಬಹುದು.

ಕ್ಯಾಪಿನ ಲೆಕ್ಕಾಚಾರ

ಇವಾವುವೂ ಸಾಲದಾದಾಗ ವಿನಿಯರ್ ಬರುತ್ತದೆ. ಹಲ್ಲಿನ ಎದುರು ಮುಖಕ್ಕೆ ಮಾತ್ರ ಅಂಟಿಸುವ ಪಿಂಗಾಣಿಯ ತೆಳು ಹಲ್ಲೆ ಇದು; 1930ರ ದಶಕದಲ್ಲಿ ಹಾಲಿವುಡ್ ನಟರ ಹಲ್ಲುಗಳಿಗೆ ಚಿತ್ರೀಕರಣದ ಹೊತ್ತಿಗಷ್ಟೇ ತಾತ್ಕಾಲಿಕವಾಗಿ ಕೂರಿಸುತ್ತಿದ್ದ ಪೊರೆಗಳಿಂದ ಇದರ ಚರಿತ್ರೆ ಆರಂಭವಾಗುತ್ತದೆ. ಮೆಟ್ಟಿಲಿನ ತುದಿಯಲ್ಲಿರುವುದು ಕ್ರೌನ್, ಜನರ ಮಾತಿನ ಕ್ಯಾಪ್. ಇದನ್ನು ಕೂರಿಸಬೇಕಾದರೆ ಹಲ್ಲನ್ನು ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರಿನಷ್ಟು ತೇಯ್ದು ಗೂಟದಂತೆ ಮಾಡಬೇಕಾಗುತ್ತದೆ. ಎಡೆಲ್‌ಹಾಫ್ ಮತ್ತು ಸೊರೆನ್‌ಸನ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಎದುರು ಹಲ್ಲಿಗೆ ಪೂರ್ಣ ಕ್ಯಾಪ್ ಹಾಕುವಾಗ ಬಾಯಲ್ಲಿ ಕಾಣುವ ಹಲ್ಲಿನ ಭಾಗದ ತೂಕದಲ್ಲಿ ನೂರಕ್ಕೆ 63ರಿಂದ 72ರಷ್ಟು ಹೋಗುತ್ತದೆ. ವಿನಿಯರ್‌ನಲ್ಲಿ ಹೋಗುವುದು 3ರಿಂದ 30ರಷ್ಟು. ಕ್ಯಾಪಿಗಾಗಿ ಅಷ್ಟು ತೇಯ್ದಾಗ ಒಳಗಿನ ನರ ಮತ್ತು ರಕ್ತನಾಳಗಳ ತಿರುಳಿಗೆ ಪೆಟ್ಟು ಬೀಳುವ, ಮುಂದೆಂದೋ ಬೇರುನಾಳ ಚಿಕಿತ್ಸೆ ಬೇಕಾಗುವ ಸಂಭವ ಏರುತ್ತದೆ. ತಿರುಳಿನ ಕೋಣೆ ದೊಡ್ಡದಾಗಿರುವ ಎಳೆಯ ವಯಸ್ಸಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಕ್ಯಾಪಿನ ಪರವಾಗಿ ಹೇಳುವ ಮುಖ್ಯ ಮಾತು ಅದು ಬೇಗ ಮುಗಿಯುತ್ತದೆ, ಬಹುಕಾಲ ಬಾಳುತ್ತದೆ ಎಂಬುದು. ಬಾಳುವುದು ನಿಜ, ಆದರೆ ಅದಕ್ಕೂ ಮಿತಿಯುಂಟು. ಮದುವೆಗೆಂದು 22ರ ವಯಸ್ಸಿನಲ್ಲಿ ಆರು ಎದುರು ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡ ಹೆಣ್ಣುಮಗಳೊಬ್ಬಳು ಹದಿನೈದು ವರ್ಷಕ್ಕೊಮ್ಮೆ ಅವನ್ನು ಬದಲಾಯಿಸಿದರೂ ಎಪ್ಪತ್ತರೊಳಗೆ ಮೂರು ಬಾರಿ ಆ ವೆಚ್ಚವನ್ನು ಹೊರಬೇಕಾಗುತ್ತದೆ, ಪ್ರತಿ ಬದಲಾವಣೆಯಲ್ಲೂ ಉಳಿದ ಹಲ್ಲು ಇನ್ನಷ್ಟು ಕರಗುತ್ತದೆ. ಕಾಂಪೋಸಿಟ್ ಕೆಲವೇ ವರ್ಷಗಳಲ್ಲಿ ಮಂಕಾಗಬಹುದು, ಅಂಚು ಸಿಡಿಯಬಹುದು. ಆದರೆ ಅಲ್ಲಿ ಕೆಡುವುದು ರಾಳ, ಇಲ್ಲಿ ಕೆಡುವುದು ಹಲ್ಲು.

ಇದರಿಂದ ಕ್ಯಾಪ್ ಅನಗತ್ಯವೆಂದು ತಿಳಿಯಬಾರದು. ಬೇರುನಾಳ ಚಿಕಿತ್ಸೆಯಾದ ದವಡೆಹಲ್ಲು, ದೊಡ್ಡದಾಗಿ ಮುರಿದ ಹಲ್ಲು, ಹಳೆಯ ತುಂಬುವಿಕೆಗಳಿಂದ ಟೊಳ್ಳಾದ ಹಲ್ಲು ಇವುಗಳನ್ನು ಉಳಿಸುವುದೇ ಕ್ಯಾಪ್. ಕವಚ ಅಲ್ಲಲ್ಲಿ ಕುಸಿದು ಗುಳಿಬಿದ್ದಿರುವ ತೀವ್ರ ಫ್ಲೋರೋಸಿಸ್ಸಿನಲ್ಲಿ ಬ್ಲೀಚಿಂಗ್ ಮಾತ್ರದಿಂದ ಕೆಲಸವಾಗದು. ಅಲ್ಲಿ ವಿನಿಯರ್ ನ್ಯಾಯವಾದ ಚಿಕಿತ್ಸೆಯೇ. ಆಕ್ಷೇಪವಿರುವುದು ಆರೋಗ್ಯವಾಗಿರುವ ಹಲ್ಲಿಗೆ ಮೊದಲ ಮೆಟ್ಟಿಲನ್ನು ತುಳಿಯದೆ ಕೊನೆಯದಕ್ಕೆ ನೆಗೆಯುವ ಬಗ್ಗೆ. ಈ ವಿವೇಚನೆಗೆ ಬ್ರಿಟನ್ನಿನ ದಂತವೈದ್ಯರಾದ ಬರ್ಕ್ ಮತ್ತು ಕೆಲ್ಲೆಹರ್ ‘ಮಗಳ ಪರೀಕ್ಷೆ’ ಎಂಬ ಸರಳ ಒರೆಗಲ್ಲನ್ನು ಮುಂದಿಟ್ಟಿದ್ದಾರೆ: ಮುಂದೆ ಕುಳಿತಿರುವ ರೋಗಿಯ ಜಾಗದಲ್ಲಿ ಸ್ವಂತ ಮಗಳಿದ್ದರೆ ಇದೇ ಚಿಕಿತ್ಸೆಯನ್ನು ಮಾಡಬಹುದೇ ಎಂದು ವೈದ್ಯನು ತನ್ನನ್ನೇ ಕೇಳಿಕೊಳ್ಳಬೇಕು.

ವಕ್ರಹಲ್ಲು ಮತ್ತು ಉಬ್ಬುಹಲ್ಲುಗಳ ವಿಷಯದಲ್ಲೂ ಇದೇ ತರ್ಕ ನಿಲ್ಲುತ್ತದೆ. ಕ್ಲಿಪ್ ಹಾಕಿ ಹಲ್ಲನ್ನು ಸಾಲಿಗೆ ತರುವುದಕ್ಕೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಅವನ್ನು ತೇಯ್ದು ಕ್ಯಾಪ್ ಕೂರಿಸಿ ನೇರವಾಗಿ ಕಾಣುವಂತೆ ಮಾಡುವುದು ಎರಡು ವಾರದ ಕೆಲಸ. ಆದರೆ ಮೊದಲನೆಯದರಲ್ಲಿ ಖರ್ಚಾಗುವುದು ಮುಖ್ಯವಾಗಿ ಕಾಲ, ಎರಡನೆಯದರಲ್ಲಿ ಹಲ್ಲೇ. ಇನ್ನು ಏಳರಿಂದ ಹನ್ನೊಂದರ ವಯಸ್ಸಿನ ಮಕ್ಕಳಲ್ಲಿ ಮೇಲಿನ ಎದುರು ಹಲ್ಲುಗಳ ನಡುವೆ ಕಾಣುವ ಸಂದು ಕೋರೆಹಲ್ಲು ಬಂದಾಗ ಎಷ್ಟೋ ವೇಳೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಲುಹಲ್ಲಿನ ಪಕ್ಕದಲ್ಲಿ ಶಾಶ್ವತ ಹಲ್ಲು ಹಳದಿಯಾಗಿ ಕಾಣುವುದೂ ಸಹಜ. ಇಂಥಲ್ಲಿ ಕಾಯುವುದೇ ಚಿಕಿತ್ಸೆ.

ಕೇಳಬೇಕಾದ ಪ್ರಶ್ನೆಗಳು

ದಂತವೈದ್ಯರ ಕಾಯ್ದೆಯು 1948ರಲ್ಲೇ ಈ ವೃತ್ತಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ಆದ್ದರಿಂದ ಕುರ್ಚಿಯಲ್ಲಿ ಕೂರುವ ಮುನ್ನ ವೈದ್ಯರ ನೋಂದಣಿಯನ್ನು ವಿಚಾರಿಸುವುದು ರೋಗಿಯ ಹಕ್ಕು. ಅದರ ಜೊತೆಗೆ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಅರ್ಧ ದಾರಿ ಸಾಗಿದಂತೆ: ಈ ಕರೆಗೆ ಕಾರಣವೇನು, ಹಲ್ಲನ್ನು ತೇಯದೆ ಸರಿಪಡಿಸುವ ದಾರಿ ಯಾವುದು, ತೇಯಲೇಬೇಕಾದರೆ ಎಷ್ಟು, ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ. ಕೊನೆಯ ಪ್ರಶ್ನೆಗೆ ಬಹಳ ಸಲ ಸಿಗುವ ಪ್ರಾಮಾಣಿಕ ಉತ್ತರ, ಏನೂ ಆಗುವುದಿಲ್ಲ ಎಂಬುದೇ. ಮಂಡ್ಯದಲ್ಲಿ 2006ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ನೆರೆಯ ಮೈಸೂರಿನಲ್ಲಿ ದಂತವೈದ್ಯ ಕಾಲೇಜುಗಳಿವೆ. ದುಬಾರಿ ಚಿಕಿತ್ಸೆಗೆ ಒಪ್ಪುವ ಮುನ್ನ ಎರಡನೆಯ ಅಭಿಪ್ರಾಯ ಪಡೆಯುವುದು ಒಂದು ದಿನದ ಬಸ್ ಪ್ರಯಾಣದ ಮಾತು.

ಆದರೆ ಎಲ್ಲಕ್ಕಿಂತ ಮಿತವಾದ ಸೌಂದರ್ಯ ಚಿಕಿತ್ಸೆ ನಡೆಯಬೇಕಾದದ್ದು ಮಗುವಿನ ಹಲ್ಲು ಮೂಡುವ ಮೊದಲು, ಮನೆಯ ನೀರಿನ ಬಿಂದಿಗೆಯ ಬಳಿಯಲ್ಲಿ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ನದಿಮೂಲದ ನಲ್ಲಿ ನೀರು, ಶುಚಿಯಾಗಿ ಹಿಡಿದ ಮಳೆನೀರು, ಸರಿಯಾಗಿ ನಡೆಯುತ್ತಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಇವೇ ಸುರಕ್ಷಿತ. ಫ್ಲೋರೋಸಿಸ್ ತಡೆಗೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದು 2008-09ರಲ್ಲಿ ಆರಂಭವಾಗಿದೆ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಊರವರಿಗೆ ತಿಳಿಸುವಂತೆ ಗ್ರಾಮ ಪಂಚಾಯಿತಿಯನ್ನು ಒತ್ತಾಯಿಸುವ ತಾಯಂದಿರು ತಮ್ಮ ಮಕ್ಕಳ ನಗೆಗೆ ಮಾಡುವ ಉಪಕಾರ ಯಾವ ಪಿಂಗಾಣಿಯಿಂದಲೂ ಆಗುವಂಥದ್ದಲ್ಲ. ಈಗಾಗಲೇ ಕರೆ ಹೊತ್ತು ಬೆಳೆದಿರುವವರು ಅದಕ್ಕಾಗಿ ಬಾಯಿಗೆ ಸೆರಗು ಅಡ್ಡ ಹಿಡಿಯಬೇಕಾಗಿಲ್ಲ. ಅದು ಹುಟ್ಟಿದೂರಿನ ನೀರಿನ ಗುರುತು. ಅದನ್ನು ಅಳಿಸಿಕೊಳ್ಳಬೇಕೆನಿಸಿದರೆ ಅಳಿಸಿಕೊಳ್ಳಲಿ, ಆದರೆ ಹಲ್ಲನ್ನು ಉಳಿಸಿಕೊಂಡು ಅಳಿಸಿಕೊಳ್ಳಲಿ.